ಆಕ್ಟೇವಿಯಾ ಬಟ್ಲರ್: ಬದುಕು, ಕೂಲಿ ಕೆಲಸ, ಮುಗಿಯದ ಕಾದಂಬರಿಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಆಕ್ಟೇವಿಯಾ ಬಟ್ಲರ್ ಬಗ್ಗೆ ಎಲ್ಲಿ ಮಾತು ತೆಗೆದರೂ ನನಗೆ ಸುಮಾರು ಇವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಪ್ರಶಸ್ತಿಗಳ ಬಗ್ಗೆ ಕೇಳುವವರು ಕಡಿಮೆ. ಜಾಸ್ತಿ ಜನ ಕೇಳುವುದು ಒಂದೇ ಮಾತು: ಹೊಟ್ಟೆಪಾಡಿಗೆ ದುಡೀತಾ ಅಷ್ಟೆಲ್ಲ ಹೇಗೆ ಬರೆದರು? ಹಾಗಾಗಿ ಆ ಭಾಗ ಉದ್ದವಾಗಿದೆ.

ಆಕ್ಟೇವಿಯಾ ಬಟ್ಲರ್ ಅಂದರೆ ಯಾರು?

ಅಮೆರಿಕದ ವೈಜ್ಞಾನಿಕ ಕಾದಂಬರಿಗಾರ್ತಿ. ಕಪ್ಪು ಜನಾಂಗದವರು. ಹುಟ್ಟಿದ್ದು 1947ರ ಜೂನ್ 22ರಂದು, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ. ತೀರಿಕೊಂಡಿದ್ದು 2006ರ ಫೆಬ್ರವರಿ 24ರಂದು, ಸಿಯಾಟಲ್ ಪಕ್ಕದ ಲೇಕ್ ಫಾರೆಸ್ಟ್ ಪಾರ್ಕ್‌ನಲ್ಲಿ, ಮನೆಯ ಹೊರಗೆ ಬಿದ್ದು. ಆಗ ಅವರಿಗೆ 58 ವರ್ಷ. 1976ರಿಂದ 2005ರವರೆಗೆ 12 ಕಾದಂಬರಿ ಪ್ರಕಟವಾದವು. ಜೊತೆಗೆ ಒಂದು ಕಥಾಸಂಕಲನ. ವೈಜ್ಞಾನಿಕ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಎರಡೆರಡು ಸಲ ಬಂದವು. 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. ಅದನ್ನು ಪಡೆದ ಮೊದಲ ವೈಜ್ಞಾನಿಕ ಕಥೆಗಾರರು ಇವರೇ.

ಮನೆ ಕಡೆ ಹೇಗಿತ್ತು?

ಬಡತನದ ಮನೆ. ಅಪ್ಪ ಬೂಟ್ ಪಾಲಿಶ್ ಮಾಡುತ್ತಿದ್ದರು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಮ್ಮ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಅಮ್ಮನ ಹೆಸರೂ ಆಕ್ಟೇವಿಯಾ. ಹಾಗಾಗಿ ಮನೆಯಲ್ಲಿ ಮಗಳನ್ನು ಎಸ್ಟೆಲ್ ಅಂತ ಕರೆಯುತ್ತಿದ್ದರು. ಅಮ್ಮ, ಅಜ್ಜಿ ಇಬ್ಬರೂ ಕಟ್ಟುನಿಟ್ಟಿನ ಬ್ಯಾಪ್ಟಿಸ್ಟ್ ಕ್ರೈಸ್ತರು.

ಕೆಲಸದ ಮನೆಗೆ ಅಮ್ಮ ಹಿಂದಿನ ಬಾಗಿಲಿಂದ ಹೋಗಬೇಕಿತ್ತು. ಮನೆಯವರು ಏನೇನೋ ಅಂದರೂ ಕೇಳಿಸದವರ ಹಾಗೆ ಇರಬೇಕಿತ್ತು. ಜೊತೆಗೆ ಹೋಗುತ್ತಿದ್ದ ಹುಡುಗಿ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿತ್ತು, ಅದೂ ಅಮ್ಮನ ಮೇಲೆ: ಯಾಕೆ ಸುಮ್ನೆ ಇರ್ತಾಳೆ ಅಂತ. ಆ ಸಿಟ್ಟು ತಪ್ಪು ಅಂತ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವರ ‘ಕಿಂಡ್ರೆಡ್’ ಕಾದಂಬರಿಯ ವಿಷಯ ಬಂದಾಗ ಬೇಕಾಗುತ್ತದೆ.

ಅದೇ ಮನೆಗಳವರು ಬೇಡ ಅಂತ ಎಸೆದ ಪುಸ್ತಕ, ಪತ್ರಿಕೆಗಳನ್ನು ಅಮ್ಮ ಮಗಳಿಗೆ ತಂದುಕೊಡುತ್ತಿದ್ದರು. ಹರಿದದ್ದು, ಗೀಚಿದ್ದು, ಹೊದಿಕೆ ಇಲ್ಲದ್ದು, ಎಲ್ಲವನ್ನೂ. ಅಮ್ಮನನ್ನು ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಡಿಸಿ ಕೆಲಸಕ್ಕೆ ಹಾಕಿದ್ದರು. ಮಗಳಿಗೆ ಓದಲು ಏನು ಸಿಕ್ಕರೂ ಒಳ್ಳೆಯದೇ ಅಂತ ಅವರಿಗೆ ಗೊತ್ತಿತ್ತು.

ಬರೆಯಲು ಶುರುಮಾಡಿದ್ದು ಯಾವಾಗ? ಒಂದು ಕೆಟ್ಟ ಸಿನಿಮಾ ನೋಡಿ ಅಂತಾರಲ್ಲ, ನಿಜಾನಾ?

ನಿಜ, ಆದರೆ ಅರ್ಧ ನಿಜ. ಕಥೆ ಬರೆಯುವುದು ಸಿನಿಮಾಕ್ಕೂ ಮುಂಚೆಯೇ ಶುರುವಾಗಿತ್ತು. ವಯಸ್ಸಿಗಿಂತ ಉದ್ದ ಬೆಳೆದ, ತುಂಬ ನಾಚಿಕೆಯ ಹುಡುಗಿ. ಸ್ವಲ್ಪ ಡಿಸ್ಲೆಕ್ಸಿಯಾ ಬೇರೆ ಇತ್ತು, ಓದುವುದು ನಿಧಾನ. ಶಾಲೆಯಲ್ಲಿ ಮಕ್ಕಳು ರೇಗಿಸುತ್ತಿದ್ದರು. ಪಾಸಡೀನಾದ ಲೈಬ್ರರಿಯಲ್ಲಿ ಕೂತು ಹೊತ್ತು ಕಳೆಯುತ್ತಿದ್ದಳು, ತನ್ನಷ್ಟಕ್ಕೆ ತಾನೇ ಕಥೆ ಹೇಳಿಕೊಳ್ಳುತ್ತಿದ್ದಳು. ಹತ್ತು ವರ್ಷಕ್ಕೆ ಅಮ್ಮನನ್ನು ಕಾಡಿ ಬೇಡಿ ಒಂದು ರೆಮಿಂಗ್ಟನ್ ಟೈಪ್‌ರೈಟರ್ ಕೊಡಿಸಿಕೊಂಡಳು. ಎರಡೇ ಬೆರಳಲ್ಲಿ ಕುಟ್ಟುತ್ತಿದ್ದಳು.

ಹನ್ನೆರಡನೇ ವಯಸ್ಸಿನಲ್ಲಿ ಟಿವಿಯಲ್ಲಿ ‘ಡೆವಿಲ್ ಗರ್ಲ್ ಫ್ರಮ್ ಮಾರ್ಸ್’ ಅನ್ನೋ 1954ರ ಸಿನಿಮಾ ಬಂತು. ಇದಕ್ಕಿಂತ ಚೆನ್ನಾಗಿ ನಾನೇ ಬರೀತೀನಿ ಅನ್ನಿಸಿತು. ಆಮೇಲೆ, ಇಂಥದ್ದನ್ನೂ ಬರೆದು ಯಾರೋ ದುಡ್ಡು ತಗೊಂಡಿದಾರಲ್ಲ ಅನ್ನಿಸಿತು. ನನಗೆ ಮುಖ್ಯ ಅನ್ನಿಸುವುದು ಈ ಎರಡನೇ ಯೋಚನೆ. ಮನೆಗೆಲಸದವರ ಮಗಳಿಗೆ ಬರವಣಿಗೆಯೂ ಒಂದು ಕೆಲಸ, ಅದಕ್ಕೂ ಸಂಬಳ ಇದೆ ಅಂತ ಗೊತ್ತಾಗಿದ್ದು ಆವತ್ತು.

ಮನೆಯವರು ಒಪ್ಪಿದರಾ?

ಅಮ್ಮ ಅಡ್ಡಿ ಮಾಡಲಿಲ್ಲ. ಆದರೆ ಅವರ ಚಿಕ್ಕಮ್ಮ ಒಬ್ಬರು, ಕಪ್ಪು ಜನ ಎಲ್ಲಾದರೂ ಬರಹಗಾರರಾಗ್ತಾರಾ ಮಗೂ ಅಂತ ಕೇಳಿದ್ದರು. ಅದು ಕೆಟ್ಟ ಮನಸ್ಸಿನಿಂದ ಬಂದ ಮಾತಲ್ಲ. ಸರ್ಕಾರಿ ಕೆಲಸವೋ ಟೀಚರ್ ಕೆಲಸವೋ ಹಿಡಿದು ನೆಮ್ಮದಿಯಾಗಿರಲಿ ಅನ್ನೋ ಕಾಳಜಿ. ಆಗ ಹುಡುಗಿ ಓದಿದ ಪುಸ್ತಕಗಳಲ್ಲಿ ಕಪ್ಪು ಲೇಖಕರದ್ದು ಅಂತ ಗೊತ್ತಿದ್ದದ್ದು ಒಂದೂ ಇರಲಿಲ್ಲ. ಆದ್ದರಿಂದ ಎದುರು ಮಾತಾಡಲೂ ಆಗಲಿಲ್ಲ.

ಶಾಲೆಯ ವಿಜ್ಞಾನದ ಮೇಷ್ಟ್ರು ಒಬ್ಬರು ಅವಳ ಕಥೆಯನ್ನು ನೀಟಾಗಿ ಟೈಪ್ ಮಾಡಿಕೊಟ್ಟರು, ಪತ್ರಿಕೆಗೆ ಕಳಿಸಲು. ಹದಿಮೂರು ವರ್ಷದ ಹುಡುಗಿಯ ಕಥೆಗೆ ದೊಡ್ಡವರೊಬ್ಬರು ಅಷ್ಟು ಹೊತ್ತು ಕೊಟ್ಟರು ಅನ್ನುವುದೇ ದೊಡ್ಡ ವಿಷಯ.

ಮೋಸವೂ ಆಯಿತು. ಏಜೆಂಟ್ ಅಂತ ಹೇಳಿಕೊಂಡ ಒಬ್ಬರು ಕಥೆ ಓದಲು 61 ಡಾಲರ್ 20 ಸೆಂಟ್ ಕೇಳಿದರು. ಆ ಕುಟುಂಬದ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಅಮ್ಮ ಕೊಟ್ಟರು. ಅದರಿಂದ ಏನೂ ಬರಲಿಲ್ಲ. ಬಟ್ಲರ್ ಇದನ್ನು ದೊಡ್ಡವರಾದ ಮೇಲೆ ತಾವೇ ಬರೆದುಕೊಂಡಿದ್ದಾರೆ, ಹೊಸಬರು ಇಂಥವರ ಕೈಗೆ ಸಿಗಬಾರದು ಅಂತ. ಈಗಲೂ ಇದು ಬೇಕಾದ ಮಾತು. ಓದಲು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಎಲ್ಲಿ ಓದಿದರು? ಬರವಣಿಗೆ ಯಾರಾದರೂ ಕಲಿಸಿದರಾ?

1965ರಲ್ಲಿ ಹೈಸ್ಕೂಲ್ ಮುಗಿಯಿತು. ಹಗಲು ಕೆಲಸ ಮಾಡಿಕೊಂಡು ಪಾಸಡೀನಾ ಸಿಟಿ ಕಾಲೇಜಿನಲ್ಲಿ ಓದಿದರು, 1968ರಲ್ಲಿ ಅದೂ ಮುಗಿಯಿತು. ಅಲ್ಲಿ ಕಥಾಸ್ಪರ್ಧೆಯಲ್ಲಿ ಗೆದ್ದು ಸಿಕ್ಕ 15 ಡಾಲರ್ ಬರವಣಿಗೆಯಿಂದ ಬಂದ ಮೊದಲ ದುಡ್ಡು.

ಆಮೇಲೆ ಚಿತ್ರಕಥೆಗಾರರ ಸಂಘ ನಡೆಸುತ್ತಿದ್ದ ಒಂದು ತರಬೇತಿಯಲ್ಲಿ ವೈಜ್ಞಾನಿಕ ಕಥೆಗಾರ ಹಾರ್ಲನ್ ಎಲಿಸನ್ ಪರಿಚಯವಾದರು. ಅವರು ಕ್ಲಾರಿಯನ್‌ಗೆ ಹೋಗು ಅಂತ ಒತ್ತಾಯ ಮಾಡಿದರು. ಕ್ಲಾರಿಯನ್ ಅಂದರೆ ವೈಜ್ಞಾನಿಕ ಕಥೆ ಬರೆಯುವವರಿಗೆ ಆರು ವಾರದ ಶಿಬಿರ, ಆಗ ಪೆನ್ಸಿಲ್ವೇನಿಯಾದಲ್ಲಿ ನಡೆಯುತ್ತಿತ್ತು. 1970ರಲ್ಲಿ ಹೋದರು. ಅಲ್ಲಿ ಕಲಿಸಲು ಬಂದವರಲ್ಲಿ ಸ್ಯಾಮ್ಯುಯೆಲ್ ಡಿಲೇನಿ ಕೂಡ ಇದ್ದರು, ಅವರೂ ಕಪ್ಪು ಲೇಖಕರು. ಆ ಶಿಬಿರದ ಹೊತ್ತಿಗೆ ಎರಡು ಕಥೆ ಮಾರಾಟವಾದವು. ಒಂದು 1971ರಲ್ಲಿ ಶಿಬಿರದ ಸಂಕಲನದಲ್ಲಿ ಬಂತು. ಇನ್ನೊಂದು, ‘ಚೈಲ್ಡ್‌ಫೈಂಡರ್’, ಎಲಿಸನ್ ತರಬೇಕಿದ್ದ ಸಂಕಲನಕ್ಕೆ. ಅವರಿಬ್ಬರೂ ಬದುಕಿರುವ ತನಕ ಆ ಸಂಕಲನ ಬರಲೇ ಇಲ್ಲ. ಕಥೆ ಓದುಗರ ಕೈಗೆ ಸಿಕ್ಕಿದ್ದು 2014ರಲ್ಲಿ, ಬಟ್ಲರ್ ತೀರಿಕೊಂಡು ಎಂಟು ವರ್ಷ ಆದ ಮೇಲೆ.

ಶಿಬಿರ ಮುಗಿಸಿ ಮನೆಗೆ ಬಂದಾಗ ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡಿದ್ದರು. ಮುಂದಿನ ಐದು ವರ್ಷ ಒಂದೇ ಒಂದು ಕಥೆಯೂ ಮಾರಾಟವಾಗಲಿಲ್ಲ.

ಆ ಐದು ವರ್ಷ ಏನು ಕೆಲಸ ಮಾಡಿದರು?

ಸಿಕ್ಕಿದ್ದೆಲ್ಲ ಮಾಡಿದರು. ಪಾತ್ರೆ ತೊಳೆದರು. ಗೋದಾಮಿನಲ್ಲಿ, ಕಾರ್ಖಾನೆಯಲ್ಲಿ ದುಡಿದರು. ಕಚೇರಿಗಳಲ್ಲಿ ಗುಮಾಸ್ತೆ ಕೆಲಸ ಮಾಡಿದರು. ಕಸ ಗುಡಿಸಿದರು. ಫೋನ್ ಮಾಡಿ ಜನರಿಗೆ ಸರಕು ಮಾರುವ ಕೆಲಸ ಮಾಡಿದರು. ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ಚಿಪ್ಸ್ ಆರಿಸಿದರು.

ಚಿಪ್ಸ್ ಕೆಲಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯದನ್ನು ಮುಂದೆ ಬಿಟ್ಟು ಕೆಟ್ಟದ್ದನ್ನು ತೆಗೆಯುವ ಕೆಲಸ ಅದು. ಅಕ್ಕಿ ಆರಿಸಿದವರಿಗೆ ಗೊತ್ತು, ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ, ತಲೆ ಖಾಲಿ ಇರುತ್ತದೆ. ಬಟ್ಲರ್‌ಗೆ ಬೇಕಾಗಿದ್ದೂ ಆ ಖಾಲಿ ತಲೆಯೇ. ಅವರು ಬೇಕಂತಲೇ ಇಂಥ ಕೆಲಸ ಹುಡುಕುತ್ತಿದ್ದರು. ಅಮ್ಮನಿಗೆ ಮಗಳು ಸೆಕ್ರೆಟರಿ ಆಗಲಿ ಅಂತ ಆಸೆ. ಅಂಥ ಕೆಲಸದಲ್ಲಿ ದಿನವಿಡೀ ನಗುಮುಖ ಹೊತ್ತುಕೊಂಡು ಇರಬೇಕು, ಯೋಚನೆಯೂ ಅಲ್ಲೇ ಖರ್ಚಾಗುತ್ತದೆ. ಮೈ ದಣಿದರೂ ಪರವಾಗಿಲ್ಲ, ತಲೆ ಮಾತ್ರ ನನ್ನದಾಗಿರಲಿ ಅನ್ನುವುದು ಅವರ ಲೆಕ್ಕ.

ಈ ಕೆಲಸಗಳನ್ನು ಹತ್ತಿರದಿಂದ ನೋಡಬೇಕಾದರೆ ‘ಕಿಂಡ್ರೆಡ್’ ತೆಗೆಯಿರಿ. ನಾಯಕಿ ಡೇನಾ ಕಾದಂಬರಿ ಬರೆಯಬೇಕು ಅಂತಿರುವ ಹೆಂಗಸು. ದಿನಗೂಲಿಗೆ ಆಳು ಕಳಿಸುವ ಏಜೆನ್ಸಿಯ ಮುಂದೆ ಬೆಳಗ್ಗೆ ಹೋಗಿ ಕೂರುತ್ತಾಳೆ. ಜೊತೆಯವರು ಅದನ್ನು ಗುಲಾಮರ ಸಂತೆ ಅಂತಲೇ ಕರೆಯುತ್ತಾರೆ. ಅಲ್ಲಿಂದ ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ನೆಲ ಗುಡಿಸು, ಲಕೋಟೆಗೆ ಕಾಗದ ತುಂಬು, ಪಾತ್ರೆ ತೊಳಿ, ಕಕ್ಕಸು ತೊಳಿ, ಸಾಮಾನಿಗೆ ಬೆಲೆ ಚೀಟಿ ಅಂಟಿಸು. ಆ ಪಟ್ಟಿಯಲ್ಲಿ ಚಿಪ್ಸ್ ಆರಿಸುವುದೂ ಬರುತ್ತದೆ. ಪಕ್ಕದಲ್ಲೇ ‘ನಿಜವಾಗಲೂ!’ ಅಂತ ಒಂದು ಮಾತು ಸೇರಿಸಿದ್ದಾರೆ. ಓದುಗರು ನಂಬಲ್ಲ ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ಬರೆಯುತ್ತಿದ್ದದ್ದು ಯಾವಾಗ?

ಬೆಳಗಿನ ಜಾವ ಎರಡು, ಮೂರು ಗಂಟೆಗೆ ಎದ್ದು. ಬೆಳಗಾಗುವ ತನಕ ಬರೆದು ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬಂದು ಬರೆಯೋಣ ಅಂದರೆ ದಿನದ ಕೆಲಸ ಎಲ್ಲ ಹೀರಿಬಿಟ್ಟಿರುತ್ತದೆ. ಹಾಗಾಗಿ ದಿನದ ಮೊದಲ ಶಕ್ತಿ ಕಥೆಗೆ, ಉಳಿದದ್ದು ಮಾಲೀಕರಿಗೆ.

ನಾನೂ ಹೀಗೆ ಕೆಲವು ತಿಂಗಳು ಮಾಡಿ ನೋಡಿದೆ. ಮೂರು ಗಂಟೆಗೆ ಆಗಲಿಲ್ಲ, ನಾಲ್ಕೂವರೆಗೆ ಎದ್ದೆ. ಮೊದಲ ವಾರ ಬರೆದದ್ದರಲ್ಲಿ ಇಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಮೂರನೇ ವಾರ, ಪೇಪರ್ ಹಾಕುವ ಹುಡುಗನ ಸೈಕಲ್ ಸದ್ದು ಕೇಳುವ ಹೊತ್ತಿಗೆ ಒಂದು ಪುಟ ತಾನಾಗಿ ಮುಗಿದಿತ್ತು. ಬಟ್ಲರ್ ಹೊಸಬರಿಗೆ ಹೇಳುತ್ತಿದ್ದದ್ದೂ ಇದೇ: ಸ್ಫೂರ್ತಿ ಬರುತ್ತೆ ಅಂತ ಕಾಯಬೇಡಿ, ರೂಢಿಯನ್ನು ನಂಬಿ. ಸ್ಫೂರ್ತಿ ಇರಲಿ ಬಿಡಲಿ, ರೂಢಿ ನಿಮ್ಮ ಕೈ ಬಿಡಲ್ಲ.

ಮೊದಲ ಕಾದಂಬರಿ ಹೇಗೆ ಬಂತು?

1974ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ ಹತ್ತಿರ ಬಂದಾಗ, ಫೋನ್ ಕೆಲಸದಿಂದ ತೆಗೆದುಹಾಕಿದರು. ಕೈಯಲ್ಲಿ ದುಡ್ಡಿಲ್ಲ. ಆದರೆ ಬೇಕಾದಷ್ಟು ಸಮಯ. ಆಗ ಕಾದಂಬರಿಗೆ ಕೂತರು. ಅಲ್ಲಿತನಕ ಉದ್ದದ ಬರವಣಿಗೆ ಅಂದರೆ ಹೆದರಿಕೆ ಇತ್ತು. ಅದಕ್ಕೊಂದು ದಾರಿ ಕಂಡುಕೊಂಡರು. ಇಪ್ಪತ್ತು ಪುಟದ ಕಥೆ ಬರೆಯುವುದು ರೂಢಿ ಇತ್ತಲ್ಲ, ಅಂಥ ಇಪ್ಪತ್ತಿಪ್ಪತ್ತು ಪುಟದ ಅಧ್ಯಾಯಗಳನ್ನೇ ಒಂದಾದ ಮೇಲೆ ಒಂದು ಬರೆಯುತ್ತಾ ಹೋದರು. ಅದೇ ‘ಪ್ಯಾಟರ್ನ್‌ಮಾಸ್ಟರ್’. 1976ರಲ್ಲಿ ಡಬಲ್‌ಡೇ ಪ್ರಕಾಶನದಿಂದ ಬಂತು. ಹನ್ನೆರಡನೇ ವಯಸ್ಸಿನಲ್ಲಿ ಆ ಸಿನಿಮಾ ನೋಡಿ ಬರೆಯಲು ತೊಡಗಿದ ಕಥೆಯೇ ಬೆಳೆದು ಬೆಳೆದು, ಈ ಪುಸ್ತಕದಿಂದ ಶುರುವಾದ ಪ್ಯಾಟರ್ನ್ ಸರಣಿಯಾಯಿತು. ಮುಂದಿನ ವರ್ಷ ‘ಮೈಂಡ್ ಆಫ್ ಮೈ ಮೈಂಡ್’. 1978ರ ಸುಮಾರಿಗೆ ಬೇರೆ ಕೆಲಸ ಬಿಟ್ಟು ಬರವಣಿಗೆಯಿಂದಲೇ ಬದುಕುವಂತಾದರು.

‘ಸರ್ವೈವರ್’ ಕಾದಂಬರಿ ಎಲ್ಲೂ ಸಿಗಲ್ಲ ಯಾಕೆ?

ಬಟ್ಲರ್‌ಗೆ ಅದು ಇಷ್ಟವಿರಲಿಲ್ಲ. 1978ರಲ್ಲಿ ಬಂದ ಪುಸ್ತಕ, ಮತ್ತೆ ಅಚ್ಚು ಮಾಡಲು ಬಿಡಲೇ ಇಲ್ಲ. ಮನುಷ್ಯರು ಬೇರೆ ಗ್ರಹಕ್ಕೆ ಹೋಗಿ ಅಲ್ಲಿಯವರ ಜೊತೆ ಸುಲಭವಾಗಿ ಮಕ್ಕಳು ಮಾಡಿಕೊಳ್ಳುವ ಹಳೇ ಕಥೆಗಳ ದಾರಿಯನ್ನೇ ತಾನೂ ಹಿಡಿದೆ ಅಂತ ಅವರಿಗೆ ಬೇಜಾರಿತ್ತು. ಹಳೇ ಪ್ರತಿಗಳು ಸಿಕ್ಕರೂ ತುಂಬ ದುಬಾರಿ. ನನ್ನನ್ನು ಕೇಳಿದರೆ ಹುಡುಕುವ ಕಷ್ಟ ಬೇಡ, ಬೇರೆ ಹನ್ನೊಂದು ಇವೆ. ಆದರೆ ಆ ಪುಸ್ತಕ ಒಂದು ಉಪಕಾರ ಮಾಡಿತು. ಅದರ ಮುಂಗಡ ಹಣದಲ್ಲೇ ಅವರು ‘ಕಿಂಡ್ರೆಡ್’ಗಾಗಿ ಮೇರಿಲ್ಯಾಂಡ್‌ಗೆ ಹೋಗಿದ್ದು.

‘ಕಿಂಡ್ರೆಡ್’ ಹುಟ್ಟಿದ್ದು ಹೇಗೆ?

ಎರಡು ಕಡೆಯಿಂದ. ಒಂದು, ಆ ಹಿಂದಿನ ಬಾಗಿಲು. ಇನ್ನೊಂದು, ಕಾಲೇಜಿನಲ್ಲಿ ಕೇಳಿದ ಮಾತು. ಕಪ್ಪು ಜನರ ಚಳವಳಿ ಜೋರಾಗಿದ್ದ ಕಾಲ. ಒಬ್ಬ ಹುಡುಗ, ನಮ್ಮ ಹಿರಿಯರು ತಗ್ಗಿ ಬಗ್ಗಿ ನಡೆದು ನಮ್ಮನ್ನು ಹಿಂದೆ ಉಳಿಸಿದರು, ಅವರನ್ನೆಲ್ಲ ಕೊಂದುಹಾಕಬೇಕು ಅನ್ನಿಸುತ್ತೆ, ಆದರೆ ನನ್ನ ಅಪ್ಪ ಅಮ್ಮನಿಂದಲೇ ಶುರುಮಾಡಬೇಕಾಗುತ್ತೆ ಅಂದನಂತೆ. ಬಟ್ಲರ್‌ಗೆ ಅಮ್ಮ ನೆನಪಾದರು. ಅಮ್ಮ ಅವತ್ತು ತಲೆ ತಗ್ಗಿಸಿದ್ದರಿಂದ ತಾನೇ ತನಗೆ ಊಟ ಸಿಕ್ಕಿದ್ದು, ಮನೆ ಉಳಿದದ್ದು? ಇವತ್ತಿನ ಹುಡುಗಿ ಒಬ್ಬಳನ್ನು ಗುಲಾಮಗಿರಿಯ ಕಾಲಕ್ಕೇ ಕಳಿಸಿ ನೋಡೋಣ, ಎಷ್ಟು ದಿನ ತಡೆದುಕೊಳ್ಳುತ್ತಾಳೆ ಅಂತ ಯೋಚಿಸಿದರು.

ಹಾಗೆ 1976ರಲ್ಲಿ, ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾದಲ್ಲಿ, ತನ್ನ 26ನೇ ಹುಟ್ಟುಹಬ್ಬದ ದಿನ ಡೇನಾ ತಲೆಸುತ್ತಿ ಬೀಳುತ್ತಾಳೆ. ಕಣ್ಣು ಬಿಟ್ಟರೆ ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡ್. ಕಾಲಯಂತ್ರ ಏನೂ ಇಲ್ಲ, ವಿಜ್ಞಾನದ ವಿವರಣೆಯೂ ಇಲ್ಲ. ಅದಕ್ಕೇ ಬಟ್ಲರ್ ಇದನ್ನು ವೈಜ್ಞಾನಿಕ ಕಾದಂಬರಿ ಅಂತ ಕರೆಯಲಿಲ್ಲ, ಕಠೋರವಾದ ಫ್ಯಾಂಟಸಿ ಅಂದರು.

ಮೇರಿಲ್ಯಾಂಡ್‌ಗೆ ಹೋಗಿದ್ದು ಗ್ರೇಹೌಂಡ್ ಬಸ್ಸಿನಲ್ಲಿ, ದೇಶದ ಆ ತುದಿಯಿಂದ ಈ ತುದಿಗೆ. ಬಾಲ್ಟಿಮೋರ್‌ನ ಲೈಬ್ರರಿಯಲ್ಲಿ, ಇತಿಹಾಸ ಸಂಗ್ರಹದಲ್ಲಿ ಕೂತು ಓದಿದರು. ಆ ಕಡೆಯ ಹೊಲ, ನೀರು, ಮರ ಎಲ್ಲ ಕಣ್ಣಾರೆ ನೋಡಿದರು. ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟಿಗೂ ಹೋದರು. ಅಲ್ಲಿ ಸುತ್ತು ಹಾಕಿಸುವವರು ‘ಗುಲಾಮರು’ ಅನ್ನುತ್ತಲೇ ಇರಲಿಲ್ಲ, ‘ಸೇವಕರು’ ಅನ್ನುತ್ತಿದ್ದರಂತೆ. ಪುಸ್ತಕ 1979ರಲ್ಲಿ ಬಂತು. ಡೇನಾ ವಾಪಸ್ ಬರುವಾಗ ಎಡಗೈ ಕಳೆದುಕೊಂಡಿರುತ್ತಾಳೆ. ಇದನ್ನು ಹೇಳಿದರೆ ಕಥೆ ಕೆಡುವುದಿಲ್ಲ, ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದಾರೆ. ಅಲ್ಲಿಂದ ಪೂರ್ತಿಯಾಗಿ ಯಾರೂ ವಾಪಸ್ ಬರಲ್ಲ.

ಲಾಸ್ ಏಂಜಲೀಸ್‌ನಂಥ ಊರಲ್ಲಿ ಕಾರು ಓಡಿಸುತ್ತಿರಲಿಲ್ಲವಂತೆ?

ಇಲ್ಲ, ಕೊನೆತನಕ ಬಸ್ಸೇ. ಡಿಸ್ಲೆಕ್ಸಿಯಾ ಇದ್ದದ್ದರಿಂದ ಡ್ರೈವಿಂಗ್ ಗೋಜಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತು ಜನರನ್ನು ನೋಡುತ್ತಿದ್ದರು, ಮಾತು ಕೇಳುತ್ತಿದ್ದರು, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು.

ಒಂದು ಕಥೆ ಪೂರ್ತಿ ಬಸ್ಸಿನಿಂದಲೇ ಬಂತು. ಗೆಳತಿಯೊಬ್ಬರು ಕ್ಯಾನ್ಸರ್‌ನಿಂದ ಸಾಯುವ ಸ್ಥಿತಿಯಲ್ಲಿದ್ದರು. ಪ್ರತಿ ಶನಿವಾರ ಬಟ್ಲರ್ ಬಸ್ ಹತ್ತಿ ಅವರನ್ನು ನೋಡಲು ಹೋಗುತ್ತಿದ್ದರು. ಒಂದು ದಿನ ಆ ಬಸ್ಸಿನಲ್ಲಿ ಗಂಡಸರ ನಡುವೆ ಹೊಡೆದಾಟ ಶುರುವಾಯಿತು. ಕಾರಣವೇ ಇಲ್ಲದ, ರಕ್ತ ಬರುವಂಥ ಜಗಳ. ಮೊದಲೇ ನೊಂದಿದ್ದ ಜೀವ. ಮನುಷ್ಯರು ಮುಷ್ಟಿ ಬಿಟ್ಟು ಬಾಯಲ್ಲಿ ಮಾತಾಡುವಷ್ಟು ಯಾವತ್ತಾದರೂ ಬೆಳೆಯುತ್ತಾರಾ ಅಂತ ಅಲ್ಲೇ ಕೂತು ಯೋಚಿಸಿದರು. ಮಾತೇ ಹೊರಟುಹೋದ ಲೋಕದ ಕಥೆ ‘ಸ್ಪೀಚ್ ಸೌಂಡ್ಸ್’ ಹೀಗೆ ಹುಟ್ಟಿತು. ವಾಷಿಂಗ್ಟನ್ ಬುಲೆವಾರ್ಡ್ ಬಸ್ಸಿನ ಜಗಳದಿಂದಲೇ ಅದು ಶುರುವಾಗುತ್ತದೆ. 1983ರಲ್ಲಿ ಬಂತು, ಮರುವರ್ಷ ಹ್ಯೂಗೋ ಪ್ರಶಸ್ತಿ ಸಿಕ್ಕಿತು. ಗೆಳತಿ ಅಷ್ಟರಲ್ಲಿ ಇರಲಿಲ್ಲ.

‘ಬ್ಲಡ್‌ಚೈಲ್ಡ್’ ಗುಲಾಮಗಿರಿಯ ಕಥೆ ಅಲ್ವಾ?

ಅಲ್ಲ ಅಂತ ಅವರೇ ಹೇಳಿದ್ದಾರೆ. ಪ್ರೀತಿಯ ಕಥೆ, ಗಂಡಸು ಬಸಿರಾಗುವ ಕಥೆ. ಜೊತೆಗೆ ಬಾಟ್‌ಫ್ಲೈ ಅನ್ನೋ ನೊಣದ ಭಯ. ಪೆರುವಿಗೆ ಹೊರಟಿದ್ದರು. ಅಲ್ಲಿ ಈ ನೊಣದ ಮರಿಹುಳು ಮನುಷ್ಯರ ಚರ್ಮದೊಳಗೆ ಬೆಳೆಯುತ್ತದೆ ಅಂತ ಓದಿ ಮೈ ಜುಮ್ಮೆಂದಿತ್ತು. ಭಯವಾದರೆ ಅದನ್ನು ಬರೆದು ತೀರಿಸಿಕೊಳ್ಳುವುದು ಅವರ ಪದ್ಧತಿ.

ಕೊನೆಗೆ ದುಡ್ಡು ಕಂಡರಾ?

ತಡವಾಗಿ. 1995ರ ಮೆಕಾರ್ಥರ್ ಫೆಲೋಶಿಪ್ ಮೊತ್ತ 2,95,000 ಡಾಲರ್, ಐದು ವರ್ಷಗಳಲ್ಲಿ ಕಂತು ಕಂತಾಗಿ. ಆ ದುಡ್ಡಲ್ಲಿ ತನಗೂ ಅಮ್ಮನಿಗೂ ಒಂದು ಮನೆ ಕೊಂಡರು. 1996ರಲ್ಲಿ ಅಮ್ಮ ಹೋಗಿಬಿಟ್ಟರು. ಬೇರೆಯವರ ಮನೆಯ ಹಿಂದಿನ ಬಾಗಿಲಲ್ಲಿ ಓಡಾಡಿದ ಹೆಂಗಸು ಮಗಳು ಕೊಂಡ ಮನೆಯಲ್ಲಿ ಇದ್ದದ್ದು ಅಷ್ಟೇ ದಿನ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

‘ಪ್ಯಾರಬಲ್’ ಕಾದಂಬರಿಗಳಲ್ಲಿ ಭವಿಷ್ಯ ಹೇಳಿದ್ದಾರಂತೆ?

ಮೊದಲು ಹೆಸರಿನ ವಿಷಯ. ‘ಪ್ಯಾರಬಲ್ ಆಫ್ ದ ಸೋವರ್’ ಅಂದರೆ ಕನ್ನಡ ಬೈಬಲ್‌ನಲ್ಲಿ ‘ಬಿತ್ತುವವನ ಸಾಮ್ಯ’ ಅಂತ ಬರುವ ಕಥೆ. ಚರ್ಚಿಗೆ ಹೋಗುವವರು ತಕ್ಷಣ ಗುರುತು ಹಿಡಿಯುತ್ತಾರೆ. ಕಾದಂಬರಿ 1993ರಲ್ಲಿ ಬಂತು, ಕಥೆ ಶುರುವಾಗುವುದು 2024ರ ಜುಲೈಯಲ್ಲಿ. ನೀರು ದುಬಾರಿ, ಎಲ್ಲೆಲ್ಲೂ ಬೆಂಕಿ, ಗೋಡೆ ಕಟ್ಟಿಕೊಂಡು ಬದುಕುವ ಬಡಾವಣೆಗಳು. ಲಾರೆನ್ ಒಲಮೀನಾ ಅನ್ನೋ ಹದಿನೈದರ ಹುಡುಗಿಗೆ ಬೇರೆಯವರ ನೋವು ತನ್ನ ಮೈಯಲ್ಲೇ ಆದ ಹಾಗೆ ಅನ್ನಿಸುತ್ತದೆ. ಮುಂದೆ ಎಲ್ಲವನ್ನೂ ಕಳೆದುಕೊಂಡು ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆಯುತ್ತಾಳೆ. 1998ರ ಎರಡನೇ ಭಾಗದಲ್ಲಿ ಅಮೆರಿಕವನ್ನು ಮತ್ತೆ ಮಹಾನ್ ಮಾಡೋಣ ಅನ್ನೋ ಘೋಷಣೆಯ ರಾಜಕಾರಣಿಯೂ ಬರುತ್ತಾನೆ.

2025ರ ಜನವರಿಯಲ್ಲಿ ಪಾಸಡೀನಾ ಪಕ್ಕದ ಆಲ್ಟಡೀನಾ ಹೊತ್ತಿ ಉರಿದಾಗ ಈ ಪುಸ್ತಕದ ಮಾತು ಮತ್ತೆ ಬಂತು. ಆದರೆ ಅವರು ಜ್ಯೋತಿಷ ಹೇಳಲಿಲ್ಲ. ದಿನಾ ಪೇಪರ್ ಓದುತ್ತಿದ್ದರು, ರೇಡಿಯೋ ಕೇಳುತ್ತಿದ್ದರು, ಸುದ್ದಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಈಗಿರುವ ತೊಂದರೆಗಳನ್ನು ಹೀಗೇ ಬಿಟ್ಟರೆ ಮೂವತ್ತು ವರ್ಷಕ್ಕೆ ಏನಾಗುತ್ತೆ ಅಂತ ನೋಡಿದೆ, ತೊಂದರೆಗಳನ್ನು ನಾನು ಹುಟ್ಟಿಸಲಿಲ್ಲ ಅನ್ನುತ್ತಿದ್ದರು.

ಮೂರನೇ ‘ಪ್ಯಾರಬಲ್’ ಯಾಕೆ ಬರಲಿಲ್ಲ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೆಸರು ‘ಪ್ಯಾರಬಲ್ ಆಫ್ ದ ಟ್ರಿಕ್‌ಸ್ಟರ್’. ಅದಾದ ಮೇಲೆ ಇನ್ನೂ ಮೂರು ಬರೆಯುವ ಯೋಚನೆ ಇತ್ತು. (ಎರಡನೇ ಭಾಗ ಓದದಿದ್ದವರು ಇಲ್ಲಿಂದ ಮುಂದಿನ ಪ್ರಶ್ನೆಗೆ ಹೋಗಿ.)

ಎರಡನೇ ಭಾಗದ ಕೊನೆಗೆ ಒಲಮೀನಾಳ ಜನ ಬೇರೆ ನಕ್ಷತ್ರಗಳ ಕಡೆ ಹೊರಡುತ್ತಾರೆ. ಮೂರನೆಯದು ಅವರು ಇಳಿದ ಮೇಲಿನ ಕಥೆ. ಗ್ರಹದ ಹೆಸರು ಬೋ. ಅಲ್ಲಿ ಎಲ್ಲ ಬೂದು ಬಣ್ಣ, ತೇವ, ಮಂಕು. ಬಣ್ಣ ಅಂತ ಕಾಣುವುದು ಅಪರೂಪಕ್ಕೆ ಮೂಡುವ ಕಾಮನಬಿಲ್ಲು, ಅದಕ್ಕೇ ಆ ಹೆಸರು. ಬಂದವರಿಗೆ ಭೂಮಿಯ ನೆನಪು ಕಾಡುತ್ತದೆ, ವಾಪಸ್ ಹೋಗುವ ಹಾಗಿಲ್ಲ. ನಾಯಕಿಯ ಹೆಸರು ಹೆಚ್ಚಿನ ಕರಡುಗಳಲ್ಲಿ ಇಮಾರಾ. ಕೆಲವದರಲ್ಲಿ ಒಲಮೀನಾಳ ಚಿತಾಭಸ್ಮ ಕಾಯುವ ಹೊಣೆ ಅವಳದ್ದು.

ಕರಡುಗಳು ಒಂದೆರಡಲ್ಲ, ಹತ್ತಾರು. ಒಂದರಲ್ಲಿ ಜನ ಒಬ್ಬೊಬ್ಬರಾಗಿ ಕುರುಡರಾಗುತ್ತಾರೆ. ಇನ್ನೊಂದರಲ್ಲಿ ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಮತ್ತೊಂದರಲ್ಲಿ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸುತ್ತದೆ. ಕೆಲವು ಪುಟ ಸಾಗುತ್ತದೆ, ನಿಲ್ಲುತ್ತದೆ, ಮತ್ತೆ ಮೊದಲಿಂದ. ಪಂಡಿತ ಗೆರ್ರಿ ಕ್ಯಾನವನ್ ಈ ಕಾಗದಗಳನ್ನು ಓದಿ 2014ರಲ್ಲಿ ಬರೆದ ಮೇಲೆ ಹೊರಗಿನವರಿಗೆ ಇದೆಲ್ಲ ಗೊತ್ತಾಯಿತು.

ಯಾಕೆ ಸಿಕ್ಕಿಹಾಕಿಕೊಂಡಿತು ಅನ್ನುವುದಕ್ಕೆ ನನ್ನ ಅನಿಸಿಕೆ ಹೇಳುತ್ತೇನೆ. ಅವರ ಉಳಿದ ಕಥೆಗಳಲ್ಲೆಲ್ಲ ಪಾತ್ರಗಳನ್ನು ತಳ್ಳುವ ಬಲ ಹೊರಗಿನಿಂದ ಬರುತ್ತದೆ: ಒಡೆಯ, ಅನ್ಯಗ್ರಹದವರು, ಬೆಂಕಿ. ಇಲ್ಲಿ ಎಲ್ಲ ತಾವೇ ಬಯಸಿ ಬಂದವರು. ಬೇಕಾದ್ದು ಸಿಕ್ಕಿದೆ, ಆದರೂ ಸುಖವಿಲ್ಲ. ಇದನ್ನು ಸುಳ್ಳು ಸಮಾಧಾನ ಹೇಳದೆ ಬರೆಯಬೇಕಿತ್ತು. ಸುಳ್ಳು ಬರೆಯಲು ಅವರ ಕೈ ಬರಲಿಲ್ಲ. ಮೇಲಾಗಿ ಆರೋಗ್ಯವೂ ಕೆಟ್ಟಿತ್ತು. ರಕ್ತದೊತ್ತಡದ ಮಾತ್ರೆಯಿಂದ ಮಂಪರು, ಬೇಸರ.

ಆ ಪುಸ್ತಕದ ಶುರುವಿಗೆಂದು ಬರೆದಿಟ್ಟ ಸಾಲೊಂದು ಈಗ ಎಲ್ಲ ಕಡೆ ಓಡಾಡುತ್ತಿದೆ: ಸೂರ್ಯನ ಕೆಳಗೆ ಹೊಸದೇನೂ ಇಲ್ಲ, ಆದರೆ ಹೊಸ ಸೂರ್ಯರಿದ್ದಾರೆ.

ಬೇರೆ ಯಾವುದಾದರೂ ಅರ್ಧಕ್ಕೆ ನಿಂತಿವೆಯಾ?

ಇವೆ. ‘ಬ್ಲೈಂಡ್‌ಸೈಟ್’ ಅನ್ನೋ ಕಾದಂಬರಿಯನ್ನು ಬರೆದು, ತಿದ್ದಿ, ಮತ್ತೆ ಬರೆದರು, ಪ್ರಕಟವಾಗಲಿಲ್ಲ. 2005ರ ‘ಫ್ಲೆಜ್ಲಿಂಗ್’ ಕೂಡ ಒಂದು ರೀತಿಯಲ್ಲಿ ಅರ್ಧಕ್ಕೆ ನಿಂತದ್ದೇ. ‘ಟ್ರಿಕ್‌ಸ್ಟರ್’ ಜೊತೆ ಹೆಣಗಿ ಸುಸ್ತಾಗಿ, ಮನಸ್ಸಿಗೆ ಹಗುರವಾಗಲಿ ಅಂತ ರಕ್ತಪಿಶಾಚಿ ಕಾದಂಬರಿಗಳನ್ನು ಓದುತ್ತಾ ಓದುತ್ತಾ ತಾವೇ ಒಂದು ಬರೆದರು. ಮುಂದುವರಿಸಲು ಟಿಪ್ಪಣಿ ಮಾಡಿಕೊಂಡಿದ್ದರು. ಮರುವರ್ಷ ತೀರಿಕೊಂಡರು.

ಈ ಕಾಗದಗಳೆಲ್ಲ ಎಲ್ಲಿವೆ?

ಪಾಸಡೀನಾ ಪಕ್ಕದ ಸ್ಯಾನ್ ಮರಿನೋದಲ್ಲಿ, ಹಂಟಿಂಗ್ಟನ್ ಲೈಬ್ರರಿಯಲ್ಲಿ. ಅವರ ಕಾಗದಪತ್ರ 2008ರಲ್ಲಿ ಅಲ್ಲಿಗೆ ಬಂತು: ಎರಡು ಫೈಲ್ ಬೀರು, 35 ದೊಡ್ಡ ರಟ್ಟಿನ ಪೆಟ್ಟಿಗೆ. ವಿಂಗಡಿಸಿದ ಮೇಲೆ 8,000ಕ್ಕೂ ಹೆಚ್ಚು ದಾಖಲೆ ಆಯಿತು. ಕರಡು, ಪತ್ರ, ದಿನಚರಿ, ಖರ್ಚಿನ ಲೆಕ್ಕ, ತನಗೆ ತಾನೇ ಬರೆದುಕೊಂಡ ಚೀಟಿ.

ಆ ಚೀಟಿಗಳಲ್ಲಿ ಒಂದು ಬಹಳ ಹೆಸರಾಗಿದೆ. 1988ರ ಸುಮಾರಿನದು. ಸಾಧಾರಣ ನೋಟ್‌ಬುಕ್ಕಿನ ಮೇಲೆ ಕೈಬರಹ. ನನ್ನ ಪುಸ್ತಕಗಳು ಲಕ್ಷಾಂತರ ಜನ ಓದುತ್ತಾರೆ, ಒಳ್ಳೆಯ ಮನೆ ಕೊಳ್ಳುತ್ತೇನೆ, ಬಡ ಕಪ್ಪು ಮಕ್ಕಳನ್ನು ಕ್ಲಾರಿಯನ್‌ಗೆ ಕಳಿಸುತ್ತೇನೆ ಅಂತ ಸಾಲು ಸಾಲಾಗಿ ಬರೆದು, ಕೊನೆಗೆ: ‘ಹಾಗೇ ಆಗಲಿ! ಆಗುವಂತೆ ನೋಡಿಕೋ!’ ಮೊದಲರ್ಧ ಪ್ರಾರ್ಥನೆ. ಎರಡನೇ ಅರ್ಧ ಬೆಳಗಿನ ಜಾವ ಎರಡು ಗಂಟೆಗೆ ಏಳುವವರ ಮಾತು. ‘ಪ್ಯಾರಬಲ್ ಆಫ್ ದ ಸೋವರ್’ ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟದ ಪಟ್ಟಿಗೆ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅವರ ಹೆಸರಲ್ಲಿ ಕ್ಲಾರಿಯನ್‌ಗೆ ಹೋಗುವವರಿಗೆ ವಿದ್ಯಾರ್ಥಿವೇತನವೂ ಇದೆ.

ಯಾವ ಪುಸ್ತಕದಿಂದ ಓದಲು ಶುರುಮಾಡಲಿ?

‘ಕಿಂಡ್ರೆಡ್’. ಇಂಗ್ಲಿಷ್ ಕಷ್ಟವಿಲ್ಲ, ಚಿಕ್ಕ ಚಿಕ್ಕ ವಾಕ್ಯ, ಎರಡು ದಿನಕ್ಕೆ ಮುಗಿಯುತ್ತದೆ. ದೊಡ್ಡ ಪುಸ್ತಕಕ್ಕೆ ಬಿಡುವಿಲ್ಲ ಅಂದರೆ ‘ಸ್ಪೀಚ್ ಸೌಂಡ್ಸ್’ ಒಂದೇ ಕಥೆ ಓದಿ. ಅನ್ಯಗ್ರಹದವರ ಕಥೆ ಇಷ್ಟವಿದ್ದರೆ 1987ರ ‘ಡಾನ್’. ಪ್ಯಾಟರ್ನ್ ಸರಣಿಯನ್ನು ಬರೆದ ಕ್ರಮದಲ್ಲಿ ಓದಬೇಕಿಲ್ಲ, ‘ವೈಲ್ಡ್ ಸೀಡ್’ನಿಂದ ಹಿಡಿಯಿರಿ. ‘ಸೋವರ್’ ಮಾತ್ರ ಮನಸ್ಸು ಗಟ್ಟಿ ಇರುವಾಗ ತೆಗೆಯಿರಿ.

‘ಟ್ರಿಕ್‌ಸ್ಟರ್’ ಅನ್ನು ಬೇರೆ ಯಾರಾದರೂ ಮುಗಿಸಬಹುದಲ್ಲ?

ಬೇಡ ಅನ್ನಿಸುತ್ತದೆ ನನಗೆ. ಕರಡುಗಳನ್ನು ಹಾಗೇ ಅಚ್ಚು ಹಾಕಿದರೆ ಓದುತ್ತೇನೆ. ಅಡ್ಡಗೆರೆ, ಬಣ್ಣದ ಪೆನ್ನಿನ ಗುರುತು, ‘ಇದು ಸರಿಯಿಲ್ಲ’ ಅಂತ ಅಂಚಿನಲ್ಲಿ ಬೈದುಕೊಂಡದ್ದು, ಎಲ್ಲ ಸೇರಿಸಿ.

ಆ ಕಡೆ ಹೋದರೆ ಏನು ನೋಡಬಹುದು?

ನಮ್ಮವರು ಬಹಳ ಜನ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಅವರೇ ಇದನ್ನು ಕೇಳುತ್ತಾರೆ. ಪಾಸಡೀನಾದಲ್ಲಿ ಅವರು ಓದಿದ ಶಾಲೆಗೆ 2022ರಲ್ಲಿ ಅವರ ಹೆಸರಿಟ್ಟರು. ‘ಆಕ್ಟೇವಿಯಾಸ್ ಬುಕ್‌ಶೆಲ್ಫ್’ ಅಂತ ಪುಸ್ತಕದಂಗಡಿ 2023ರಿಂದ ಇದೆ. 2025ರ ಬೆಂಕಿಯ ವೇಳೆ ಅಲ್ಲಿ ಪುಸ್ತಕ ಸರಿಸಿ ನೀರು, ಬಟ್ಟೆ, ಡೈಪರ್ ಹಂಚಿದರು. ಆಲ್ಟಡೀನಾದ ಮೌಂಟನ್ ವ್ಯೂ ಸ್ಮಶಾನದಲ್ಲಿ ಅವರ ಸಮಾಧಿ ಇದೆ, ಕಲ್ಲಿನ ಮೇಲೆ ‘ಸೋವರ್’ನ ಸಾಲುಗಳಿವೆ. ಪೂರ್ವದ ಕಡೆ ಇದ್ದರೆ ವಾಷಿಂಗ್ಟನ್‌ನ ಅನಕೋಸ್ಟಿಯಾ ಮ್ಯೂಸಿಯಂ ವಿಚಾರಿಸಿ. ಅವರು ಬಳಸಿದ ನೀಲಿ ಒಲಿವೆಟ್ಟಿ ಟೈಪ್‌ರೈಟರ್ ಆ ಮ್ಯೂಸಿಯಂ ಸಂಗ್ರಹದಲ್ಲಿದೆ, 2004ರಲ್ಲಿ ತಾವೇ ಕೊಟ್ಟಿದ್ದು.

ಇನ್ನೊಂದು ಜಾಗಕ್ಕೆ ಮಾತ್ರ ಯಾರೂ ಹೋಗಲು ಆಗಲ್ಲ. 2021ರ ಫೆಬ್ರವರಿ 18ರಂದು ಪರ್ಸೆವರೆನ್ಸ್ ರೋವರ್ ಮಂಗಳ ಗ್ರಹದ ಜೆಝೆರೊ ಕುಳಿಯಲ್ಲಿ ಇಳಿಯಿತು. ಅದು ತಯಾರಾಗಿದ್ದು ಪಾಸಡೀನಾದ ಪ್ರಯೋಗಾಲಯದಲ್ಲೇ. ಇಳಿದ ಜಾಗಕ್ಕೆ ನಾಸಾದವರು ‘ಆಕ್ಟೇವಿಯಾ ಇ. ಬಟ್ಲರ್ ಲ್ಯಾಂಡಿಂಗ್’ ಅಂತ ಹೆಸರಿಟ್ಟರು.